ಎಂಜಲ ಡಬ್ಬಿ

ನಮ್ಮ ಮಂದಿಗೆ ಎಂಜಲೆಂದರೆ ಮುಖ ಕಿವುಚುವ ವಸ್ತು. ನನಗೆ ಅದೇ ಅನ್ನ ಹಾಕುತ್ತದೆ. ಹುಬ್ಬಳ್ಳಿಯ ನಮ್ಮ ಕಸಿ ಆಸ್ಪತ್ರೆಯಲ್ಲಿ ‘ಲಾಲಾರಸ ವಿಶ್ಲೇಷಣಾ ವಿಭಾಗ’ ಎಂಬ ದೊಡ್ಡ ಫಲಕದ ಕೆಳಗೆ ಕೂರುವವಳು ನಾನು, ಶಾಂಭವಿ ಹುರಕಡ್ಲಿ. ಆ ಫಲಕ ಓದಿಕೊಂಡು ಯಾರೂ ಒಳಗೆ ಬಂದದ್ದಿಲ್ಲ. ‘ಉಗುಳು ನೋಡೋ ಬಾಯಾರು ಎಲ್ಲಿ ಕೂಡ್ತಾರ’ ಎಂದು ಕೇಳಿಕೊಂಡೇ ಬರುತ್ತಾರೆ. ಮನೆಯಲ್ಲಿ ನಮ್ಮ ಅತ್ತೆ, ನಾನು ಕೈ ಎಷ್ಟೇ ತಿಕ್ಕಿ ತೊಳೆದಿರಲಿ, ಸ್ನಾನ ಮಾಡದೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಮೊದಮೊದಲು ವಾದಕ್ಕೆ ನಿಲ್ಲುತ್ತಿದ್ದೆ. ಈಗ ಸುಮ್ಮನೆ ಸ್ನಾನ ಮಾಡಿಬಿಡುತ್ತೇನೆ, ಅಷ್ಟೊತ್ತಿಗೆ ಅವರೇ ಚಹಾ ಮಾಡಿಟ್ಟಿರುತ್ತಾರೆ.

ಆದರೆ ಒಂದು ಮಾತು ಹೇಳುತ್ತೇನೆ, ಎಂಜಲಿನಷ್ಟು ಬಾಯಿಬಡುಕ ವಸ್ತು ನಮ್ಮ ಮೈಯಲ್ಲಿ ಇನ್ನೊಂದಿಲ್ಲ. ಅದರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ರಕ್ತದ ಕ್ಯಾನ್ಸರ್ ಆದವರ ಮಜ್ಜೆಯನ್ನು ನಾವು ಔಷಧ ಹಾಕಿ ಪೂರ್ತಿ ಸುಟ್ಟು, ಆ ಜಾಗಕ್ಕೆ ಬೇರೊಬ್ಬರ ಕಾಂಡಕೋಶಗಳನ್ನು ತುಂಬುತ್ತೇವೆ. ಅವು ಮೂಳೆಯೊಳಗೆ ಹೊಕ್ಕು, ನೆಲೆ ನಿಂತು, ಹೊಸ ರಕ್ತ ಮಾಡತೊಡಗುತ್ತವೆ. ಅಲ್ಲಿಗೆ ಅರ್ಧ ಗೆದ್ದಂತೆ. ಆದರೆ ಹೀಗೆ ಹೊರಗಿನಿಂದ ಬಂದ ರಕ್ತಕ್ಕೆ ಒಮ್ಮೊಮ್ಮೆ ತಾನಿರುವ ಮೈಯೇ ಪರಕೀಯವಾಗಿ ಕಾಣುತ್ತದೆ. ಆಗ ಚರ್ಮ, ಕರುಳು, ಬಾಯಿ ಎನ್ನದೆ ಸಿಕ್ಕಲ್ಲಿ ಮೇಲೆ ಬೀಳುತ್ತದೆ. ಬಾಯಿಯ ಮೇಲೆ ಬಿದ್ದರಂತೂ ಕೇಳಬೇಡಿ. ನಾಲಗೆ ಸುಲಿಯುತ್ತದೆ, ಉಗುಳು ಬತ್ತುತ್ತದೆ, ಕುಡಿದ ನೀರೂ ಉರಿಯುತ್ತದೆ. ಖಾರವಿಲ್ಲದೆ ತುತ್ತು ಇಳಿಯದ ನಮ್ಮ ಕಡೆಯ ಜನ ತಣ್ಣನೆಯ ಗಂಜಿ ಮುಂದಿಟ್ಟುಕೊಂಡು ಕಣ್ಣೀರು ಹಾಕುವುದನ್ನು ನಾನು ನೋಡಿದ್ದೇನೆ.

ಹುಣ್ಣು ಕಣ್ಣಿಗೆ ಕಾಣುವ ಎಷ್ಟೋ ಮೊದಲೇ ಉಗುಳು ಚಾಡಿ ಹೇಳುತ್ತದೆ. ಒಳಚರ್ಮ ಸಡಿಲಾಗಿ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಉಗುಳಿಗೆ ಸೋರುತ್ತದೆ. ಬಾಯಿಯನ್ನು ಕಾಯಬೇಕಾದ ಲ್ಯಾಕ್ಟೋಫೆರಿನ್ ಇಳಿಯುತ್ತದೆ. ಉರಿಯೂತದ ಪ್ರೋಟೀನುಗಳು ಮೇಲೇರುತ್ತವೆ. ಮನೆಯ ಜಗಳ ಓಣಿಗೆ ಕೇಳಿಸುವ ಮೊದಲು ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳ ಜೋರಾಗುತ್ತದಲ್ಲ, ಹಾಗೆ. ಆ ಸಪ್ಪಳ ಕೇಳಿಸಿಕೊಳ್ಳಲಿಕ್ಕೆಂದೇ ಊಟದ ಡಬ್ಬಿಯಷ್ಟು ದೊಡ್ಡದೊಂದು ಯಂತ್ರ ಮಾಡಿದೆವು. ಬೆಳಿಗ್ಗೆ ಎದ್ದು, ಏನೂ ತಿನ್ನದೆ, ಅದರ ಬಟ್ಟಲಿಗೆ ಉಗುಳಿದರಾಯಿತು. ಅದು ಪ್ರೋಟೀನುಗಳ ಲೆಕ್ಕ ಹಾಕಿ ನಮ್ಮ ನಿಗಾ ಕೋಣೆಗೆ ಕಳಿಸುತ್ತದೆ. ಹಸಿರು ಬಂದರೆ ಕ್ಷೇಮ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಎದ್ದು ಓಡಬೇಕು. ಮೊದಲ ಸಲ ಸರಿಯಾಗಿ ಉಗುಳಲು ಬಾರದವರೇ ಹೆಚ್ಚಾದ್ದರಿಂದ, ಎರಡು ಸಲ ಉಗುಳಿದರೆ ಕೊನೆಯದನ್ನೇ ನಿಜವೆಂದು ಹಿಡಿಯುವಂತೆ ಮಾಡಿದ್ದೆವು. ಕಸಿ ಮುಗಿಸಿ ಮನೆಗೆ ಹೋಗುವವರಿಗೆಲ್ಲ ಒಂದೊಂದು ಕೊಡುತ್ತೇವೆ. ಅದಕ್ಕೆ ನಾವಿಟ್ಟದ್ದು ಸಂಸ್ಕೃತದ ಹೆಸರು, ಮಂದಿ ಕರೆದದ್ದು ಎಂಜಲ ಡಬ್ಬಿ ಎಂದು.

ಯಂತ್ರಕ್ಕೆ ತನ್ನವರು ಯಾರು ಎಂಬುದೂ ಗೊತ್ತಾಗುತ್ತದೆ. ಒಂದು ಮನೆಗೆ ಬಿ.ಪಿ. ನೋಡುವ ಮಶಿನ್ ಬಂತೆಂದರೆ ಇಡೀ ಓಣಿಯೇ ತೋಳು ಚಾಚಿಕೊಂಡು ಬಂದು ಕೂರುತ್ತದೆಂಬುದು ನಮಗೆ ತಿಳಿಯದ್ದೇನಲ್ಲ. ಅದಕ್ಕೇ ಉಗುಳಿನಲ್ಲಿ ಧಾರಾಳವಾಗಿ ಸಿಗುವ ಬಿಳಿ ರಕ್ತಕಣಗಳ ಡಿಎನ್‌ಎ ನೋಡಿ, ಬೇರೆಯವರದಾದರೆ ಕುಂಯ್ ಎಂದು ಸದ್ದು ಮಾಡಿ ಬೇಡವೆನ್ನುವಂತೆ ಮಾಡಿದ್ದೆವು. ಎಂಥ ಜಾಣರು ನಾವು ಎಂದು ನಮಗೆ ನಾವೇ ಬೆನ್ನು ತಟ್ಟಿಕೊಂಡಿದ್ದೂ ಉಂಟು.

ಮಹಾನಂದಾ ನಮ್ಮಲ್ಲಿ ಕಸಿ ಮಾಡಿಸಿಕೊಂಡವಳು. ಬೆಟಗೇರಿಯ ನೇಕಾರರ ಮಗಳು, ಹುಬ್ಬಳ್ಳಿಗೆ ಕೊಟ್ಟಿದ್ದಾರೆ, ಮನೆಯಲ್ಲೇ ಜಂಪರು ಹೊಲಿಯುತ್ತಾಳೆ. ಮಾತಿನ ಮಲ್ಲಿ. ವಾರ್ಡಿನ ಗಾಜಿನ ಕೋಣೆಯಲ್ಲಿ ಕೂದಲೆಲ್ಲ ಉದುರಿ ಒಂಟಿಯಾಗಿ ಮಲಗಿದ್ದಾಗಲೂ ನರ್ಸುಗಳ ಜಂಪರಿನ ತೋಳು ಸರಿಯಿಲ್ಲವೆಂದು ಕೊಂಕು ತೆಗೆಯುತ್ತಿದ್ದಳು. ಕಾಂಡಕೋಶ ಕೊಟ್ಟದ್ದು ಅವಳ ತಮ್ಮ ಗುರುಬಸು, ಮಗ್ಗದ ಮೇಲೆ ಕೂರುವವನು. ಅಕ್ಕ ಎಷ್ಟು ಮಾತೋ ಅವನು ಅಷ್ಟು ಮೂಗ. ಕೋಶ ತೆಗೆಯುವಾಗ ತನಗೇನಾಗುತ್ತದೆಂದು ಕೇಳಲಿಲ್ಲ, ಅಕ್ಕನಿಗೆ ನೋವಾಗುತ್ತದೆಯೇ ಎಂದಷ್ಟೇ ಕೇಳಿದ.

ಮನೆಗೆ ಕಳಿಸುವ ಮುನ್ನ ಅವಳ ಗುರುತು ಕಲಿಸಲೆಂದು ಡಬ್ಬಿಗೆ ಉಗುಳಿಸಿದಾಗ ಪರದೆಯ ಮೇಲೆ ‘ಪುರುಷ’ ಎಂದು ಮೂಡಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ, ಈಗ ಅವಳ ಮೈಯಲ್ಲಿ ಹರಿಯುವ ರಕ್ತವೆಲ್ಲ ತಮ್ಮನದು, ಅದರ ಬಿಳಿ ಕಣಗಳೂ ಅವನವೇ. ಇದನ್ನು ತಿಳಿಸಿ ಹೇಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

“ಅಂದ್ರ ನಮ್ಮ ಗುರುಬಸು ನನ್ನ ಬಾಯಾಗ ಬಂದು ಕುಂತಾನೇನ್ರಿ? ಇನ್ನರ ನಾಕ ಮಾತು ಕಲೀತಾನ ಬಿಡ್ರಿ.”

ನಾವೂ ನಕ್ಕೆವು. ಗಂಡೋ ಹೆಣ್ಣೋ ಎಂಬ ತಕರಾರು ತೆಗೆಯಬೇಡ ಎಂದು ಯಂತ್ರಕ್ಕೆ ತಿಳಿಸಿ, ಡಬ್ಬಿಯನ್ನು ಅವಳ ಕೈಗೆ ಕೊಟ್ಟು ಕಳಿಸಿದೆವು.

ಅಂದಿನಿಂದ ದಿನಾ ಹಸಿರೇ ಬರುತ್ತಿತ್ತು. ಶ್ರಾವಣ ಬಂತು. ಪಂಚಮಿಗೆ ತವರಿಗೆ ಹೋಗುತ್ತೇನೆಂದು ಮಹಾನಂದಾ ಹಟ ಹಿಡಿದಳು. ನಮ್ಮ ಹಿರಿಯ ವೈದ್ಯರು ಮಕಾನದಾರ ಸಾಹೇಬರು. ಮೇಲೆ ಗಡಸು, ಒಳಗೆ ಬೆಣ್ಣೆ. ಈ ವರ್ಷ ಬೇಡ, ಮುಂದಿನ ವರ್ಷ ಹೋಗುವಿಯಂತೆ ಎಂದರು. ಮುಂದಿನ ವರ್ಷದ ಮಾತು ನನ್ನ ಹತ್ತಿರ ಆಡಬೇಡಿರಿ ಎಂದುಬಿಟ್ಟಳು ಅವಳು. ಅವಳ ಪರವಾಗಿ ನಾನೂ ದನಿಗೂಡಿಸಿದೆ, ಸಾಹೇಬರು ಒಪ್ಪಿದರು. ಮಾಸ್ಕು ತೆಗೆಯಬಾರದು, ಕಾಯಿಸಿದ ನೀರೇ ಕುಡಿಯಬೇಕು, ಕಡಕ್ ರೊಟ್ಟಿ ಮತ್ತು ಗಟ್ಟಿ ಉಂಡಿ ಮುಟ್ಟಬಾರದು, ಬೆಳಿಗ್ಗೆ ಡಬ್ಬಿ ತಪ್ಪಿಸಬಾರದು ಎಂದು ಸಾಲು ಸಾಲು ಕಟ್ಟಳೆ ಹೇರಿ ಕಳಿಸಿಕೊಟ್ಟರು.

ತವರಿಗೆ ಹೋದ ಮೊದಲ ಬೆಳಿಗ್ಗೆಯೇ ಹಳದಿ ಬಂತು. ಪಯಣದ ದಣಿವಿರಬೇಕು ಎಂದುಕೊಂಡೆ. ಪಂಚಮಿಯ ದಿನ ಬೆಳಿಗ್ಗೆ ಕೆಂಪು ಬಂತು.

ನಿಗಾ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ, ಹಬ್ಬದ ದಿನವೆಂದು ಉಳಿದವರೆಲ್ಲ ರಜೆ. ಆಲ್ಬುಮಿನ್ ಎದ್ದು ಕುಳಿತಿತ್ತು, ಉರಿಯೂತದ ಪ್ರೋಟೀನುಗಳಂತೂ ಹಿಂದೆಂದೂ ಅವಳಲ್ಲಿ ಕಾಣದಷ್ಟು ಮೇಲೆ ಹೋಗಿದ್ದವು. ಮಕಾನದಾರ ಸಾಹೇಬರನ್ನು ಮನೆಯಿಂದ ಕರೆಸಿದೆ. ಅವರು ಪರದೆಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಕೂಡಲೇ ಕರೆತಂದು ಸ್ಟಿರಾಯ್ಡ್ ಶುರು ಮಾಡಬೇಕೆಂದರು.

ಅಲ್ಲೇ ಇದ್ದದ್ದು ಇಕ್ಕಟ್ಟು. ತಮ್ಮನ ರಕ್ತವನ್ನು ಹದ್ದುಬಸ್ತಿನಲ್ಲಿಡಲು ಸ್ಟಿರಾಯ್ಡ್ ಬೇಕು. ಆದರೆ ಎಲ್ಲೋ ಮೂಲೆಯಲ್ಲಿ ಉಳಿದಿರಬಹುದಾದ ಕ್ಯಾನ್ಸರಿನ ಕಣಗಳನ್ನು ಹುಡುಕಿ ಕೊಲ್ಲುತ್ತಿರುವುದೂ ಅದೇ ರಕ್ತ. ಅದರ ಕೈ ಕಟ್ಟಿದರೆ ಕ್ಯಾನ್ಸರ್ ಮತ್ತೆ ತಲೆ ಎತ್ತಬಹುದು. ಮಹಾನಂದಾಳದು ಬಲು ಕೆಟ್ಟ ಜಾತಿಯ ಕ್ಯಾನ್ಸರು, ಎರಡನೆಯ ಸಲ ಬಂದರೆ ನಮ್ಮ ಕೈಯಲ್ಲಿ ಔಷಧವಿರಲಿಲ್ಲ. ಹಾಗೆಂದು ಕೈಕಟ್ಟಿ ಕುಳಿತರೆ ಬಾಯಿಂದ ಶುರುವಾದದ್ದು ಪುಪ್ಪುಸಕ್ಕೂ ಲಿವರಿಗೂ ಹೋಗುವ ಭಯ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಹಾಸಿಗೆ ಸಜ್ಜು ಮಾಡಿಸುತ್ತೇನೆ, ನೀವು ಕರೆ ಮಾಡಿರಿ ಎಂದು ಅವರು ಎದ್ದು ಹೋದರು.

ಕರೆ ಮಾಡಿದೆ. ಜೋಕಾಲಿಯ ಮೇಲಿದ್ದಳಂತೆ, ಹಿಂದೆ ಹೆಂಗಸರ ನಗು ಕೇಳಿಸುತ್ತಿತ್ತು. ಬಾಯಿ ಉರಿ ಇದೆಯೇ, ನುಂಗಲು ತ್ರಾಸಾಗುತ್ತದೆಯೇ ಎಂದು ಕೇಳಿದೆ. ಏನೇನೂ ಇಲ್ಲ, ಹೋಳಿಗೆ ತಿಂದೆ, ಇನ್ನೊಂದು ತಿನ್ನಲು ಅವ್ವ ಬಿಡಲಿಲ್ಲ ಎಂದಳು. ಆ ಮಾತಿನಿಂದ ನನಗೇನೂ ಸಮಾಧಾನವಾಗಲಿಲ್ಲ. ತ್ರಾಸು ಗೊತ್ತಾಗುವ ಮೊದಲೇ ಹೇಳುವ ಯಂತ್ರವನ್ನು ಮಾಡಿದವರು ನಾವೇ ಅಲ್ಲವೇ? ಕೆಂಪು ಬಂದಿದೆ ಎಂದೆ. ಸಣ್ಣ ದನಿಯಲ್ಲಿ ಕೇಳಿದಳು.

“ಮತ್ತ ಆ ಗಾಜಿನ ಖೋಲ್ಯಾಗ ಮಲಗಬೇಕೇನ್ರಿ ಬಾಯಾರ?”

ನಾನೇ ಬರುತ್ತೇನೆ, ಚೀಲ ಕಟ್ಟಿಟ್ಟುಕೋ ಎಂದಷ್ಟೇ ಹೇಳಿದೆ.

ಅವಳ ಗುರುತು ತುಂಬಿದ ಇನ್ನೊಂದು ಡಬ್ಬಿಯನ್ನೂ ಟಾರ್ಚನ್ನೂ ಹಿಡಿದುಕೊಂಡು ಆಂಬುಲೆನ್ಸಿನಲ್ಲಿ ಡ್ರೈವರ್ ಪಕ್ಕ ಕುಳಿತೆ. ದಾರಿಯುದ್ದಕ್ಕೂ ಮರಮರಕ್ಕೆ ಜೋಕಾಲಿ, ಹೊಸ ಇಳಕಲ್ ಸೀರೆಯುಟ್ಟ ಹೆಂಗಸರು. ನನಗೆ ಯಾವುದೂ ರುಚಿಸಲಿಲ್ಲ. ಕಳಿಸಿಕೊಡಿರೆಂದು ಸಾಹೇಬರ ಮುಂದೆ ಅವಳ ಪರವಾಗಿ ಮಾತಾಡಿದವಳು ನಾನೇ ಎಂಬುದು ಒಂದೇ ಸಮ ಕೊರೆಯುತ್ತಿತ್ತು.

ಬೆಟಗೇರಿಯಲ್ಲಿ ಹಬ್ಬಕ್ಕೆ ಮಗ್ಗಗಳೆಲ್ಲ ನಿಂತಿದ್ದವು, ಓಣಿ ಭಣಗುಡುತ್ತಿತ್ತು. ಮನೆಯ ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಮಹಾನಂದಾ ಮಾಸ್ಕು ಹಾಕಿಕೊಂಡು, ಕಾಲು ನೆಲಕ್ಕೆ ಊರಿ ಸುಮ್ಮನೆ ಕುಳಿತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಚೀಲವಿತ್ತು. ಅವಳ ಅವ್ವ ನನ್ನ ಕೈ ಹಿಡಿದು ಒಳಗೆ ಕರೆದಳು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ತಟ್ಟೆಯಲ್ಲಿ ತಂದಿಟ್ಟಳು. ಯಾರಿಗೆ ಬೇಕಿತ್ತು ಉಂಡಿ?

ಮಹಾನಂದಾಳನ್ನು ಬೆಳಕಿಗೆ ಕೂರಿಸಿ ಬಾಯಿ ತೆರೆಸಿದೆ. ನಾಲಗೆ, ಗಲ್ಲದ ಒಳಭಾಗ, ಒಸಡು, ಅಂಗುಳ, ಎಲ್ಲ ಹಸುಗೂಸಿನ ಬಾಯಿಯಷ್ಟು ಗುಲಾಬಿ. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. ನಾನು ತಂದ ಡಬ್ಬಿಗೆ ಉಗುಳಿಸಿದೆ. ಹಸಿರು. ಅವಳ ಸ್ವಂತ ಡಬ್ಬಿಗೆ ಉಗುಳಿಸಿದೆ. ಅದೂ ಹಸಿರು. ಸ್ವಲ್ಪ ಹೊತ್ತು ಕಾದು ಎರಡಕ್ಕೂ ಮತ್ತೆ ಉಗುಳಿಸಿದೆ. ಹಸಿರೇ. ನನಗೆ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಬೆಂಕಿ ಬಿದ್ದಿದ್ದ ಬಾಯಿ ಮಧ್ಯಾಹ್ನಕ್ಕೆ ತಣ್ಣಗಾಗಲು ಇದೇನು ಗಾರುಡಿಯೇ?

ಬೆಳಿಗ್ಗೆ ಏನೇನು ಮಾಡಿದೆ, ಒಂದೂ ಬಿಡದೆ ಹೇಳು ಎಂದೆ. ಎದ್ದದ್ದು, ಉಗುಳಿದ್ದು, ಬಟ್ಟಲು ತೊಳೆದು ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಇಟ್ಟದ್ದು, ಸ್ನಾನಕ್ಕೆ ಹೋದದ್ದು. ಅಷ್ಟೇ ಎಂದಳು. ನಾನು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಯಂತ್ರದ ಮೇಲೆ ನನಗೆ ಸಂಶಯ ಬಂದದ್ದು ಅವ್ವನಿಗೆ ಸರಿಬರಲಿಲ್ಲ. ಅದರ ಪರವಾಗಿ ನಿಂತೇಬಿಟ್ಟಳು.

“ಡಬ್ಬಿ ಭಾಳ ಶಾಣ್ಯಾ ಐತ್ರಿ ಬಾಯಾರ, ಅದಕ್ಕೇನೂ ಅನಬ್ಯಾಡ್ರಿ. ನಿನ್ನೆ ರೊಟ್ಟಿ ಪಂಚಮಿಗೆ ಮುಂಜಾನೆ ರೊಟ್ಟಿ ಕೊಡಾಕ ಬಂದವರೆಲ್ಲಾ ಉಗುಳಿ ನೋಡಿದ್ರು. ಒಬ್ಬರದೂ ತಗೊಳ್ಳಿಲ್ಲ, ಎಲ್ಲಾರಿಗೂ ಕುಂಯ್ ಅಂತು. ಹಡದ ತಾಯಿ ನಾನು, ನನಗೂ ಕುಂಯ್ ಅಂತು. ನಮ್ಮ ಗುರುಬಸೂಗ ಒಬ್ಬಗ ಏನೂ ಅನ್ಲಿಲ್ಲ ನೋಡ್ರಿ. ತಮ್ಮ ಅಂತ ಗುರ್ತ ಹಿಡದು ಸುಮ್ಮನ ತಗೊಂತು.”

ನಾನು ಡಬ್ಬಿಯನ್ನು ಕೆಳಗಿಟ್ಟೆ.

ಯಂತ್ರ ನೋಡುವುದು ಬಿಳಿ ರಕ್ತಕಣಗಳನ್ನು. ಮಹಾನಂದಾಳ ಉಗುಳಿನಲ್ಲಿರುವುದು ಗುರುಬಸುವಿನ ಕಣ. ಗುರುಬಸುವಿನ ಉಗುಳಿನಲ್ಲಿರುವುದೂ ಗುರುಬಸುವಿನದೇ ಕಣ. ಡಬ್ಬಿಯ ಪಾಲಿಗೆ ಅಕ್ಕನೂ ಅವನೇ, ತಮ್ಮನೂ ಅವನೇ. ‘ಪುರುಷ’ ಎಂದು ಅದು ಅಂದೇ ಬಾಯಿಬಿಟ್ಟು ಹೇಳಿದಾಗ ನಾವು ನಕ್ಕು, ತಕರಾರು ತೆಗೆಯಬೇಡ ಎಂದು ಗದರಿಸಿ ಕೂರಿಸಿದ್ದೆವು. ಇಡೀ ಓಣಿಯನ್ನು ಹೊರಗಿಡಲು ಅಗಳಿ ಹಾಕಿದವರು ಮನೆಯೊಳಗಿನವನನ್ನು ಮರೆತಿದ್ದೆವು. ವಿಚಾರಿಸಿದರೆ ಅವನು ಉಗುಳಿದ್ದು ಒಂದೇ ಸಲವಲ್ಲ. ನಿನ್ನೆ ಎಲ್ಲರ ಮುಂದೆ ಡಬ್ಬಿ ಒಪ್ಪಿಕೊಂಡಿತೆಂದು ಹಿಗ್ಗಿ, ಇಂದು ಅಕ್ಕ ಸ್ನಾನಕ್ಕೆ ಹೋದಾಗ ತಾನಾಗಿಯೇ ಮತ್ತೊಮ್ಮೆ ಉಗುಳಿದ್ದ. ಎರಡು ದಿನವೂ ಕೊನೆಗೆ ಉಗುಳಿದವನು ಅವನೇ.

ನಾನು ನಗತೊಡಗಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವ್ವ ಗಾಬರಿಯಾಗಿ ನೀರಿನ ತಂಬಿಗೆ ತಂದಳು. ಮಹಾನಂದಾಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಒಂದೊಂದೇ ಮಾತನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಿರುವುದು ಕಣ್ಣಲ್ಲಿ ಕಾಣುತ್ತಿತ್ತು.

“ಅಂದ್ರ ಕೆಂಪ ಬಂದದ್ದು ನಂದಲ್ಲೇನ್ರಿ?”

“ನಿಂದಲ್ಲವ್ವಾ. ನಿನಗ ಏನೂ ಆಗಿಲ್ಲ.”

ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ವಾರ್ಡಿನಲ್ಲಿ ಅಷ್ಟು ತಿಂಗಳಿದ್ದರೂ ಒಂದು ದಿನ ಹೀಗೆ ಅತ್ತವಳಲ್ಲ. ನನಗೂ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿ, ತಟ್ಟೆಗೆ ಕೈಹಾಕಿ ಒಂದು ಶೇಂಗಾ ಉಂಡಿ ಬಾಯಿಗೆ ಹಾಕಿಕೊಂಡೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅದನ್ನು ಅಗಿಯುತ್ತಿರುವಾಗ ಮಹಾನಂದಾ ಅಳು ನಿಲ್ಲಿಸಿ ತಲೆಯೆತ್ತಿದಳು.

“ಹಂಗಾರ ಆ ಕೆಂಪು ಅವಂದೇನ್ರಿ?”

ನಾನು ಟಾರ್ಚು ಹಿಡಿದು ಎದ್ದೆ. ನನ್ನ ಯೋಚನೆ ಇನ್ನೂ ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ.

ಗುರುಬಸು ಹಿಂದಿನ ಮಗ್ಗದ ಕೋಣೆಯಲ್ಲಿ ಕುಳಿತಿದ್ದ. ಅಕ್ಕನಿಗೆ ಕೆಂಪು ಬಂದಿದೆ ಎಂದು ಕೇಳಿದಾಗಿನಿಂದ, ತನ್ನ ರಕ್ತವೇ ಅವಳನ್ನು ತಿನ್ನುತ್ತಿದೆ ಎಂದುಕೊಂಡು ಅಲ್ಲಿಂದ ಎದ್ದಿರಲಿಲ್ಲವಂತೆ. ಹಾಗಲ್ಲ ಎಂದು ಹೇಳಿದರೂ ನಂಬಲಿಲ್ಲ, ಮೂರು ಸಲ ಹೇಳಬೇಕಾಯಿತು. ಹತ್ತಿರ ಹೋದಾಗಲೇ ನನಗೆ ಗುಟಕಾದ ವಾಸನೆ ಹೊಡೆಯಿತು. ಬಾಯಿ ತೆಗೆ ಎಂದೆ. ತೆಗೆದ, ಆದರೆ ಎರಡು ಬೆರಳು ತೂರುವಷ್ಟೇ ತೆರೆಯಿತು. ಬುದ್ಧಿಹಲ್ಲಿನ ಸುತ್ತ ಒಸಡು ಕೆಂಪಗೆ ಊದಿ ಕೀವು ತುಂಬಿತ್ತು. ಗಲ್ಲದ ಒಳಮೈ ಬೆಳ್ಳಗೆ ಪಟ್ಟಿಪಟ್ಟಿಯಾಗಿ ಬಿಗಿದುಕೊಂಡಿತ್ತು. ನೋವು ಎಂದಿನಿಂದ ಎಂದು ಕೇಳಿದರೆ ತಲೆ ತಗ್ಗಿಸಿದ. ಹೇಳಿದರೆ ಗುಟಕಾ ಬಿಡು ಎನ್ನುತ್ತಾರೆಂದು ಹೇಳಿರಲಿಲ್ಲ.

ಬೆಳ್ಳಗಿನ ಆ ಪಟ್ಟಿಗಳು ಏನೂ ಆಗಿರಬಹುದು. ಬಾಯಿಯ ಕ್ಯಾನ್ಸರೂ ಆಗಿರಬಹುದು. ಅದನ್ನು ಹಬ್ಬದ ಮನೆಯಲ್ಲಿ ನಾನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕ್ಯಾನ್ಸರ್ ಕಂಡ ಮನೆಗೆ ಅದನ್ನು ಹೇಳಿಕೊಡಬೇಕಾಗಿಯೂ ಇರಲಿಲ್ಲ. ಮಹಾನಂದಾ ತನಗೆಂದು ಕಟ್ಟಿದ್ದ ಚೀಲದಿಂದ ಸೀರೆ, ಜಂಪರು ತೆಗೆದು, ತಮ್ಮನ ಅಂಗಿ, ಲುಂಗಿ ತುಂಬಿದಳು. ಅವನ ಜೇಬಿಗೆ ಕೈಹಾಕಿ ಗುಟಕಾ ಚೀಟುಗಳನ್ನೆಲ್ಲ ತೆಗೆದು ಒಲೆಗೆ ಹಾಕಿದಳು. ಅಕ್ಕನಿಗೆಂದು ತಂದ ಆಂಬುಲೆನ್ಸಿನಲ್ಲಿ ತಮ್ಮ ಹತ್ತಿ ಕುಳಿತ.

ಮಕಾನದಾರ ಸಾಹೇಬರು ಬಾಗಿಲಲ್ಲೇ ಕಾಯುತ್ತಿದ್ದರು. ದಾರಿಯಲ್ಲೇ ಫೋನಿನಲ್ಲಿ ಎಲ್ಲ ಹೇಳಿದ್ದೆ. ಅಕ್ಕನನ್ನು ಕರೆತರುತ್ತೇನೆಂದು ಹೋಗಿ ತಮ್ಮನನ್ನು ಹಿಡಿದು ತಂದಿರಲ್ಲ ಎಂದು ನಕ್ಕರು, ಆಮೇಲೆ ಅವನ ಬಾಯಿ ನೋಡಿ ನಗು ನಿಲ್ಲಿಸಿದರು. ಹಲ್ಲಿನ ಡಾಕ್ಟರು ಕೀವು ತೆಗೆದು, ಗಲ್ಲದ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ವರದಿಗಾಗಿ ಎಲ್ಲರೂ ಕಾದೆವು. ನನ್ನ ಅತ್ತೆ ಕೂಡ ಒಂದು ಸಂಜೆ, ಸ್ನಾನದ ಸುದ್ದಿ ಎತ್ತದೆ, ಆ ಹುಡುಗನದು ಏನಾಯಿತು ಎಂದು ಬಾಗಿಲಲ್ಲೇ ಕೇಳಿದರು.

ವರದಿ ಬಂತು. ಕ್ಯಾನ್ಸರ್ ಇಲ್ಲ. ಗಲ್ಲ ಬಿಗಿಯುವ ರೋಗ ಶುರುವಾಗಿದೆ, ಗುಟಕಾ ಇಂದೇ ಬಿಟ್ಟರೆ ಇಷ್ಟಕ್ಕೇ ತಡೆಯಬಹುದು, ಬಿಡದಿದ್ದರೆ ಮುಂದೆ ಹೇಳಲಾಗದು. ಡಬ್ಬಿಯನ್ನು ಕೆಂಪಾಗಿಸಿದ್ದು ಬಹುಮಟ್ಟಿಗೆ ಆ ಬುದ್ಧಿಹಲ್ಲಿನ ಕೀವು. ಸಾಹೇಬರು ವರದಿಯನ್ನು ನನ್ನ ಕೈಗೆ ಕೊಟ್ಟರು.

ಅಂದು ಮಹಾನಂದಾ ವಿಡಿಯೋ ಕರೆ ಮಾಡಿದಳು. ಅವಳ ಬಾಯಿ ಅಷ್ಟು ಚೆನ್ನಾಗಿರುವುದನ್ನು ನೋಡಿ ಸಾಹೇಬರು, ಸಣ್ಣಗೆ ಮುರಿದು ನಿಧಾನವಾಗಿ ಅಗಿಯುವುದಾದರೆ ಕಡಕ್ ರೊಟ್ಟಿ ತಿನ್ನಬಹುದೆಂದು ಒಪ್ಪಿಗೆ ಕೊಟ್ಟಿದ್ದರು. ಅವಳು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಕೆಂಪು ಚಟ್ನಿಗೆ ಅದ್ದಿ ಕಟಕಟ ಅಗಿಯುತ್ತ ಕುಳಿತಿದ್ದಳು. ಈ ಕಡೆ ತಮ್ಮ ಊದಿದ ಗಲ್ಲದೊಂದಿಗೆ ತಣ್ಣನೆಯ ಗಂಜಿ ಹೀರುತ್ತಿದ್ದ. ಖಾರ ಹೇಗಿದೆ, ಉರಿಯುತ್ತದೆಯೇ ಎಂದು ನಾನು ಕೇಳಿದೆ. ಇನ್ನಷ್ಟು ಬೇಕಿತ್ತು ಎಂದಳು. ಆಮೇಲೆ ರೊಟ್ಟಿ ಕೆಳಗಿಟ್ಟು ತಮ್ಮನನ್ನೇ ನೋಡಿದಳು.

“ಗುರುಬಸು, ಇನ್ನೊಮ್ಮೆ ಗುಟಕಾ ಮುಟ್ಟೀಯಂದ್ರ ನೋಡು. ಆ ರಕ್ತ ನಿನ್ನ ಒಬ್ಬಂದ ಅಲ್ಲ ಈಗ. ನಂದೂ ಐತಿ. ಅದನ್ನ ಹಾಳ ಮಾಡಾಕ ನಾ ಬಿಡಂಗಿಲ್ಲ.”

ಅವನು ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು, ‘ಹೂಂ ಅಕ್ಕಾ’ ಎಂದ. ಅವನ ಬಾಯಿಂದ ಅದಕ್ಕಿಂತ ಉದ್ದದ ಮಾತನ್ನು ಯಾರೂ ಬಯಸಲಿಲ್ಲ.

ಡಬ್ಬಿಗಳನ್ನೆಲ್ಲ ತರಿಸಿ ತಿದ್ದಿದೆವು. ಈಗ ಅವು ಬಿಳಿ ಕಣಗಳ ಜೊತೆಗೆ, ಗಲ್ಲದ ಒಳಚರ್ಮದಿಂದ ಉದುರುವ ಕೋಶಗಳನ್ನೂ ನೋಡುತ್ತವೆ. ರಕ್ತ ಯಾರದೇ ಆಗಿರಲಿ, ಆ ಕೋಶ ಮಾತ್ರ ಅವರವರದೇ. ಇನ್ನು ಮೇಲೆ ಅಕ್ಕನ ಡಬ್ಬಿ ತಮ್ಮನಿಗೂ ಕುಂಯ್ ಎನ್ನಬೇಕು. ಮಹಾನಂದಾಳಿಗೆ ಇದನ್ನು ವಿವರಿಸಿದಾಗ ಅವಳು ಸುತರಾಂ ಒಪ್ಪಲಿಲ್ಲ. ಅವನನ್ನು ಹೊರಗೆ ಹಾಕುವುದಾದರೆ ನನಗೆ ಡಬ್ಬಿಯೇ ಬೇಡ ಎಂದಳು. ಸಾಹೇಬರನ್ನು ಕೇಳಿದೆ. ನನ್ನನ್ನೇಕೆ ಕೇಳುತ್ತೀರಿ ಎಂದರು. ಆ ಒಂದು ಮನೆಯ ಡಬ್ಬಿಯಲ್ಲಿ ಎರಡು ಹೆಸರು ಬರೆದೆವು, ಹುಬ್ಬಳ್ಳಿಯಲ್ಲಿ ಅಕ್ಕನ ಹತ್ತಿರ ಇದ್ದು ಗಲ್ಲದ ವ್ಯಾಯಾಮ ಮಾಡುವವರೆಗೆ ಅವನೂ ದಿನಾ ಉಗುಳಬೇಕೆಂದು ನಿಗದಿಯಾಯಿತು.

ಮರುದಿನ ಬೆಳಿಗ್ಗೆ ನಿಗಾ ಕೋಣೆಯ ಪರದೆಯಲ್ಲಿ ಅವಳ ಮನೆಯ ಡಬ್ಬಿ ಎಚ್ಚೆತ್ತಿತು. ಈಗ ಅದು ಮೊದಲು ಕೇಳುವ ಪ್ರಶ್ನೆಯನ್ನು ನಾನೇ ಬರೆದಿದ್ದೆ: ಯಾರು, ಅಕ್ಕನೋ ತಮ್ಮನೋ?

ಅಕ್ಕ ಎಂದು ಉತ್ತರ ಬಂತು. ಹಸಿರು.

ನಾನು ಅಲ್ಲಿಂದ ಏಳಲಿಲ್ಲ. ಅವ್ವ ಕಟ್ಟಿಕೊಟ್ಟಿದ್ದ ಉಂಡಿಯ ಡಬ್ಬಿ ಮೇಜಿನ ಮೇಲಿತ್ತು, ಅದರ ಮುಚ್ಚಳ ತೆಗೆದು ಕಾಯುತ್ತ ಕುಳಿತೆ. ಸ್ವಲ್ಪ ತಡವಾಗಿ ತಮ್ಮ ಎಂದು ಬಂತು. ಹಳದಿ.

ಪಂಚಮಿಯ ದಿನ ಅದು ಕೆಂಪಿತ್ತು.